ಗಾಳಿಯ ಬೆಟ್ಟಕ್ಕೆ ಒಂಟಿ ಪಯಣದ ಸಿದ್ಧತೆ

ಟೆಕ್ಸಾಸ್ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ತೈಲಬಾವಿಗಳು, ದನಗಾಹಿಗಳು ಮತ್ತು ಸಾವಿರಾರು ಕನ್ನಡಿಗರನ್ನೂ ಕೈಬೀಸಿ ಕರೆದ ಸಾಫ್ಟ್‌ವೇರ್ ಕಂಪೆನಿಗಳು. ಈ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಚಿಹುವಾಹುವಾ ಮರುಭೂಮಿಯ ನಡುವೆ, ನಮ್ಮ ಮುಳ್ಳಯ್ಯನಗಿರಿಗಿಂತ ಏಳುನೂರು ಮೀಟರ್‌ಗೂ ಹೆಚ್ಚು ಎತ್ತರದ ಬೆಟ್ಟವೊಂದು ನಿಂತಿದೆ ಎಂಬುದು ಇಲ್ಲಿಯೇ ನೆಲೆಸಿರುವ ಅನೇಕರಿಗೂ ತಿಳಿಯದು. ಅದು ಗ್ವಾಡಲೂಪ್ ಶಿಖರ. ಎತ್ತರ 2,667 ಮೀಟರ್. ಟೆಕ್ಸಾಸ್‌ನ ಅತ್ಯುನ್ನತ ಸ್ಥಳ. ಬರುವ ನವೆಂಬರ್ ಮಧ್ಯದಲ್ಲಿ ಅದನ್ನು ಒಬ್ಬನೇ ಹತ್ತಬೇಕೆಂದು ನಿಶ್ಚಯಿಸಿ ಕಳೆದ ಎರಡು ತಿಂಗಳಿಂದ ಸಿದ್ಧತೆ ನಡೆಸಿದ್ದೇನೆ.

ಈ ಬೆಟ್ಟ ಒಂದು ಕಾಲಕ್ಕೆ ಕಡಲಾಗಿತ್ತು ಎಂದರೆ ನಂಬುವುದು ಕಷ್ಟ. ಸುಮಾರು 26 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದಲ್ಲಿ, ಇಲ್ಲೊಂದು ಬೆಚ್ಚನೆಯ ಸಮುದ್ರವಿತ್ತು. ಅದರ ಅಂಚಿನಲ್ಲಿ ಸ್ಪಂಜುಗಳೂ ಪಾಚಿಗಳೂ ಸುಣ್ಣವನ್ನು ಕಟ್ಟುತ್ತ ಬೆಳೆಸಿದ ದಿಬ್ಬವೇ ಮುಂದೆ ಹೂತುಹೋಗಿ, ಭೂಮಿಯ ಒತ್ತಡಕ್ಕೆ ಮೇಲೆದ್ದು, ಈಗ ಸುಣ್ಣಕಲ್ಲಿನ ಗೋಡೆಯಾಗಿ ನಿಂತಿದೆ. ಇದರ ಸುತ್ತಲಿನ ಪ್ರದೇಶವನ್ನು 1972ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಸ್ಥಾಪಿಸಲಾಯಿತು. ಕಾಲುದಾರಿಯ ಬುಡದ ಸಮೀಪದಲ್ಲಿಯೇ, 1858ರಲ್ಲಿ ಆರಂಭವಾದ ಬಟರ್‌ಫೀಲ್ಡ್ ಅಂಚೆಬಂಡಿಗಳು ಕುದುರೆ ಬದಲಿಸುತ್ತಿದ್ದ ತಂಗುದಾಣದ ಕಲ್ಲುಗೋಡೆಗಳು ಉಳಿದಿವೆ. ಆ ಅಂಚೆಮಾರ್ಗದ ಶತಮಾನೋತ್ಸವಕ್ಕೆಂದು 1958ರಲ್ಲಿ ವಿಮಾನ ಕಂಪೆನಿಯೊಂದು ಶಿಖರದ ಮೇಲೆ ಉಕ್ಕಿನ ಪಿರಮಿಡ್ಡೊಂದನ್ನು ನಿಲ್ಲಿಸಿತು.

ದಾರಿ ದೀರ್ಘವೇನಲ್ಲ. ಹೋಗಿಬರಲು ಒಟ್ಟು ಸುಮಾರು 13.5 ಕಿಲೋಮೀಟರ್, ಏರು ಸುಮಾರು 900 ಮೀಟರ್. ಸುಬ್ರಹ್ಮಣ್ಯದಿಂದ ಕುಮಾರಪರ್ವತ ಹತ್ತಿದವರಿಗೆ ಈ ಅಂಕಿಗಳು ಹೆದರಿಕೆ ಹುಟ್ಟಿಸಲಾರವು. ಆದರೆ ನಮ್ಮ ಘಟ್ಟದ ಅನುಭವವನ್ನು ಯಥಾವತ್ತಾಗಿ ಇಲ್ಲಿಗೆ ತರಲು ಬರುವುದಿಲ್ಲ. ಮಲೆನಾಡಿನ ಕಾಡಿನಲ್ಲಿ ತೊರೆ ಸಿಗುತ್ತದೆ, ಮರದ ನೆರಳು ಸಿಗುತ್ತದೆ, ಎಷ್ಟೋ ಕಡೆ ಒಂದು ಮನೆಯೂ ಸಿಗುತ್ತದೆ. ಇಲ್ಲಿ ಕಾಲುದಾರಿಯ ಉದ್ದಕ್ಕೂ ಒಂದು ಹನಿ ನೀರಿಲ್ಲ. ದಿನವೊಂದಕ್ಕೆ ತಲಾ ನಾಲ್ಕು ಲೀಟರ್ ನೀರು ಒಯ್ಯಬೇಕೆಂಬುದು ಉದ್ಯಾನದವರ ಸಲಹೆ. ಎಂದರೆ ಬೆನ್ನ ಮೇಲೆ ನಾಲ್ಕು ಕಿಲೋ ಭಾರ. ಒಣಗಾಳಿಯಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುವುದರಿಂದ ದೇಹ ಎಷ್ಟು ನೀರು ಕಳೆದುಕೊಂಡಿತೆಂಬುದು ನಡೆಯುವವನಿಗೆ ಗೊತ್ತಾಗುವುದಿಲ್ಲ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಅದಕ್ಕೆ ನನ್ನ ಚೀಲದಲ್ಲಿ ಕೋಡುಬಳೆಗೂ ಹುರಿಗಡಲೆಗೂ ಜಾಗ ಮಾಡಿದ್ದೇನೆ.

ನೀರಿಗಿಂತ ಹೆಚ್ಚು ಚಿಂತೆಗೆ ಹಚ್ಚುವುದು ಗಾಳಿ. ಶಾಂತಸಾಗರದ ಕಡೆಯಿಂದ ಬೀಸಿಬರುವ ಗಾಳಿಗೆ ಪಶ್ಚಿಮದ ವಿಶಾಲ ಉಪ್ಪಿನ ಬಯಲಿನಲ್ಲಿ ಯಾವ ತಡೆಯೂ ಇಲ್ಲ. ಅದು ಈ ಗೋಡೆಗೆ ಬಂದು ಬಡಿದು, ಮೇಲೇರಿ, ಕಣಿವೆಯ ಕಿರಿದಾದ ಬಾಯಿಗಳಲ್ಲಿ ನುಗ್ಗುವಾಗ ವೇಗ ಹೆಚ್ಚಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ಗಂಟೆಗೆ 130 ಕಿಲೋಮೀಟರ್ ವೇಗದ ಬೀಸುಗಳು ಇಲ್ಲಿ ಅಪರೂಪವಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಅದು ಮೈಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದು ಶಾಲೆಯಲ್ಲಿ ಕಲಿತ ಭೌತಶಾಸ್ತ್ರ. ಪ್ರಪಾತದ ಅಂಚಿನಲ್ಲಿ ಸಾಗುವ ದಾರಿಯಲ್ಲಿ ಅದು ಬರಿಯ ಲೆಕ್ಕವಾಗಿ ಉಳಿಯುವುದಿಲ್ಲ. ಚಳಿಯೂ ಹಾಗೆಯೇ. ಉಷ್ಣಮಾಪಕ 5 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದರೂ ಗಂಟೆಗೆ 60 ಕಿಲೋಮೀಟರ್ ಗಾಳಿಯಲ್ಲಿ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿನ ಅನುಭವ. ಬುಡದಲ್ಲಿ ತೆಳು ಅಂಗಿ ಸಾಕೆನ್ನಿಸಿದವನಿಗೆ ಮೇಲೆ ಗಾಳಿತಡೆಯುವ ಮೇಲಂಗಿ, ಕೈಗವಸು, ಕಿವಿ ಮುಚ್ಚುವ ಟೋಪಿ ಎಲ್ಲವೂ ಬೇಕು.

ಜೊತೆಗಾರನಿದ್ದರೆ ಇವೆಲ್ಲದರ ಹೊರೆ ಹಂಚಿಹೋಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಕೇಳಿದ್ದೂ ಅದನ್ನೇ: ‘ಒಬ್ಬನೇ ಯಾಕೋ ಮಾರಾಯ, ಜೊತೆಗೆ ಯಾರೂ ಸಿಗಲಿಲ್ಲವಾ?’ ಸಿಗುತ್ತಿದ್ದರೇನೋ. ಆದರೆ ಐವತ್ತು ದಾಟಿದ ಮೇಲೆ, ದಿನವಿಡೀ ಸಭೆ, ಸಂದೇಶ, ಸದ್ದುಗಳ ನಡುವೆ ಬದುಕುವವನಿಗೆ ತನ್ನ ಹೆಜ್ಜೆಗೆ ತಾನೇ ಹೊಣೆಯಾಗುವ ಒಂದು ದಿನ ಬೇಕೆನಿಸುತ್ತದೆ. ಈ ಆಸೆಗೆ ಸಮರ್ಥನೆ ಕೊಡುವುದು ಸುಲಭವಲ್ಲ. ಅಮ್ಮನಿಗೆ ನಾನು ಕೊಟ್ಟ ಉತ್ತರ ಅವರಿಗೆ ಒಪ್ಪಿಗೆಯಾಗಲೂ ಇಲ್ಲ.

ಹೆಂಡತಿ ಕೇಳಿದ್ದು ಬೇರೆಯದೇ ಪ್ರಶ್ನೆ. ‘ನೀವು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ನಾನು ಯಾರಿಗೆ ಫೋನ್ ಮಾಡಬೇಕು? ಎಷ್ಟು ಗಂಟೆಗೆ ಮಾಡಬೇಕು?’ ನನ್ನ ಇಡೀ ಯೋಜನೆ ರೂಪುಗೊಂಡದ್ದು ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನದಲ್ಲಿ.

ಈ ಪ್ರಶ್ನೆಗಳನ್ನು ಯಾರೂ ಕೇಳದಿದ್ದರೆ ಏನಾಗಬಹುದೆಂಬುದಕ್ಕೆ ಜಗತ್ತು ಬಲ್ಲ ಒಂದು ಉದಾಹರಣೆಯಿದೆ. 2003ರ ಏಪ್ರಿಲ್‌ನಲ್ಲಿ ಆರನ್ ರಾಲ್‌ಸ್ಟನ್ ಎಂಬ ನುರಿತ ಚಾರಣಿಗ ಯೂಟಾ ರಾಜ್ಯದ ಮರುಭೂಮಿಯ ಕಮರಿಯೊಂದಕ್ಕೆ ಒಬ್ಬನೇ ಇಳಿದ. ಎಲ್ಲಿಗೆ ಹೋಗುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಉರುಳಿದ ಬಂಡೆಗೆ ಬಲಗೈ ಸಿಕ್ಕಿಕೊಂಡು ಐದು ದಿನಗಳಿಗೂ ಹೆಚ್ಚು ಕಾಲ ಅಲ್ಲಿಯೇ ಉಳಿದ. ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. 2010ರಲ್ಲಿ ತೆರೆಕಂಡ ‘127 ಅವರ್ಸ್’ ಚಿತ್ರ ಆ ಕಥೆಯನ್ನೇ ಹೇಳಿತು. ಅದಕ್ಕೆ ಸಂಗೀತ ನೀಡಿದವರು ನಮ್ಮ ಎ.ಆರ್. ರೆಹಮಾನ್. ಚಿತ್ರ ನೋಡಿದವರ ಮನಸ್ಸಿನಲ್ಲಿ ನಿಲ್ಲುವುದು ಆತನ ಅಸಾಧಾರಣ ಧೈರ್ಯ. ನನಗೆ ಮುಖ್ಯವೆನಿಸುವುದು, ಮನೆಯವರಿಗೆ ಬರೆದಿಟ್ಟ ಒಂದು ಚೀಟಿ ಆ ಧೈರ್ಯದ ಅಗತ್ಯವನ್ನೇ ಇಲ್ಲವಾಗಿಸಬಹುದಿತ್ತು ಎಂಬುದು.

ಹಾಗಾಗಿ ಚೀಟಿ ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಸಮಯದ ಲೆಕ್ಕ ಬೇಕು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸರಳ ಸೂತ್ರವೊಂದಿದೆ: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಪ್ರತಿ ಎರಡು ಸಾವಿರ ಅಡಿ ಏರಿಗೆ ಮತ್ತೊಂದು ಗಂಟೆ. ಅದರಂತೆ ಶಿಖರ ತಲುಪಲು ಮೂರು ಗಂಟೆ ಸಾಕು. ಆದರೆ ಅದು ಗಟ್ಟಿಮುಟ್ಟಾದ ನಡಿಗೆಗಾರನ ಲೆಕ್ಕ. ವಿಶ್ರಾಂತಿಯಾಗಲಿ ಎದುರುಗಾಳಿಯಾಗಲಿ ಅದರಲ್ಲಿಲ್ಲ. ಹೋಗಿಬರಲು ಆರರಿಂದ ಎಂಟು ಗಂಟೆ ಬೇಕೆಂದು ಉದ್ಯಾನದವರು ಹೇಳುತ್ತಾರೆ. ನವೆಂಬರ್ ಮಧ್ಯದಲ್ಲಿ ಅಲ್ಲಿ ಸಂಜೆ 5ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಬೆಳಿಗ್ಗೆ 7ಕ್ಕೆ ಹೊರಟು, ಎಲ್ಲಿಯೇ ಇರಲಿ, ಮಧ್ಯಾಹ್ನ 12ಕ್ಕೆ ಹಿಂತಿರುಗುವುದೆಂದು ತೀರ್ಮಾನಿಸಿದ್ದೇನೆ. ಮೂರು ಮೈಲಿ ದಾಟಿದ ಮೇಲೆ ಶಿಖರವೇ ಬಂತೆಂದು ಭ್ರಮೆ ಹುಟ್ಟಿಸುವ ಒಂದು ದಿಬ್ಬವಿದೆ. ನಿಜವಾದ ತುದಿ ಅಲ್ಲಿಂದ ಇನ್ನೂ ಒಂದು ಮೈಲಿ. ದಣಿದವನು ‘ಇಷ್ಟು ಬಂದಾಯಿತಲ್ಲ’ ಎಂದುಕೊಂಡು ನಿಯಮ ಮುರಿಯುವುದು ಇಂಥ ಜಾಗದಲ್ಲಿಯೇ. ಅದಕ್ಕಾಗಿ ಆ ನಿಯಮವನ್ನು ದಣಿವಿಲ್ಲದ ಹೊತ್ತಿನಲ್ಲಿ, ಮನೆಯಲ್ಲಿ ಕುಳಿತು ಬರೆದಿಡಬೇಕು.

ಇನ್ನೊಂದು ಸೂಕ್ಷ್ಮವಿದೆ. ನಾವಿರುವ ಡಲ್ಲಾಸ್‌ನ ಗಡಿಯಾರಕ್ಕೂ ಆ ಉದ್ಯಾನದ ಗಡಿಯಾರಕ್ಕೂ ಒಂದು ಗಂಟೆಯ ವ್ಯತ್ಯಾಸ. ರಾಜ್ಯ ಒಂದೇ ಆದರೂ ಅಲ್ಲಿ ಅನುಸರಿಸುವುದು ಪರ್ವತ ವಲಯದ ಸಮಯ. ಅಲ್ಲಿನ 6 ಗಂಟೆ ನಮ್ಮ ಮನೆಯಲ್ಲಿ 7. ಇದನ್ನು ಬಿಡಿಸಿ ಬರೆಯದಿದ್ದರೆ ಹೆಂಡತಿ ಒಂದು ಗಂಟೆ ವ್ಯರ್ಥ ಆತಂಕ ಪಡಬೇಕಾದೀತು. ಬೆಟ್ಟದಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಉಪಕರಣವೊಂದನ್ನು ಬಾಡಿಗೆಗೆ ಪಡೆಯುತ್ತಿದ್ದೇನೆ. ಭಾರತದಲ್ಲಿ ಅನುಮತಿಯಿಲ್ಲದೆ ಇದನ್ನು ಬಳಸುವಂತಿಲ್ಲವಾದ್ದರಿಂದ ನಮ್ಮ ಘಟ್ಟಗಳಲ್ಲಿ ಚೀಟಿಯ ಮಹತ್ವ ಇನ್ನೂ ಹೆಚ್ಚು.

ಸಾಹಸಕ್ಕೂ ಸಿದ್ಧತೆಗೂ ಎಣ್ಣೆ ಸೀಗೆಕಾಯಿಯ ಸಂಬಂಧ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಮಳೆಗಾಲದ ವಾರಾಂತ್ಯದಲ್ಲಿ ಮನೆಯಲ್ಲೊಂದು ಹೇಳಿ ಇನ್ನೊಂದು ಬೆಟ್ಟಕ್ಕೆ ಹೋಗುವ ಯುವಕರನ್ನು ಕಂಡಿದ್ದೇವೆ. ಅವರು ದಾರಿ ತಪ್ಪಿದಾಗ ರಾತ್ರಿಯಿಡೀ ಕಾಡಿನಲ್ಲಿ ಹುಡುಕಾಡುವವರು ಅರಣ್ಯ ಸಿಬ್ಬಂದಿ ಮತ್ತು ಊರಿನ ಜನ. ಆ ಹುಡುಕಾಟದಲ್ಲಿ ಕಾಲು ಜಾರುವ ಅಪಾಯ ಅವರಿಗೂ ಇದೆ. ಒಂಟಿಯಾಗಿ ಹೋಗುವವನು ತನ್ನ ಪ್ರಾಣವನ್ನಷ್ಟೇ ಪಣಕ್ಕಿಡುತ್ತಾನೆಂಬ ಮಾತು ಆದ್ದರಿಂದ ಪೂರ್ತಿ ನಿಜವಲ್ಲ.

ಹೊರಡುವ ಹಿಂದಿನ ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುತ್ತೇನೆ. ಶಿಖರದಲ್ಲಿ ಗಾಳಿಯ ಬೀಸು ಗಂಟೆಗೆ 65 ಕಿಲೋಮೀಟರ್ ಮೀರುವುದೆಂದಿದ್ದರೆ ಬೆಟ್ಟ ಹತ್ತುವುದಿಲ್ಲ. ಇದು ನಾನು ನನಗಾಗಿ ಹಾಕಿಕೊಂಡ ಮಿತಿ. ದಿನವಿಡೀ ಕಾರು ಓಡಿಸಿಕೊಂಡು ಹೋಗಿ, ಬುಡದಲ್ಲಿ ಅಂಚೆ ತಂಗುದಾಣದ ಗೋಡೆಗಳನ್ನಷ್ಟೇ ನೋಡಿ ಹಿಂತಿರುಗಬೇಕಾಗಬಹುದು. ಮಗಳು ಇದನ್ನು ಕೇಳಿ, ‘ಹಾಗಾದರೆ ಅಷ್ಟು ದೂರ ಹೋಗಿದ್ದು ದಂಡ ಅಲ್ಲವಾ ಅಪ್ಪಾ?’ ಎಂದಳು. ದಂಡವೇ ಇರಬಹುದು. ಆ ದಂಡ ತೆರಲು ಮನಸ್ಸು ಒಪ್ಪುವವರೆಗೆ ಒಂಟಿಯಾಗಿ ಹೊರಡುವ ಹಕ್ಕು ನನಗಿಲ್ಲ ಎಂದು ಅವಳಿಗೆ ಹೇಳಿದೆ. ಚೀಟಿಯ ಕೊನೆಯ ಸಾಲಾಗಿ ಅದನ್ನೂ ಸೇರಿಸಿದ್ದೇನೆ.