ಮನೆಯಲ್ಲೇ ಶಾಲೆ: ಮಕ್ಕಳಿಗೆ ತಕ್ಕ ಪಠ್ಯಯೋಜನೆ ಮಾಡುವುದು ಹೇಗೆ?

ಶಾಲೆ ದೂರವಿದೆ, ಮಗುವಿನ ಆರೋಗ್ಯ ಸರಿಯಿಲ್ಲ, ವ್ಯಾಪಾರದ ಸಲುವಾಗಿ ಮೇಲಿಂದ ಮೇಲೆ ಊರು ಬದಲಿಸಬೇಕಾಗುತ್ತದೆ, ಅಥವಾ ತುಂಬಿದ ತರಗತಿಯಲ್ಲಿ ಮಗು ಹಿಂದೆ ಬೀಳುತ್ತಿದೆ. ಇಂಥ ಕಾರಣಗಳಿಂದ ಕೆಲವು ಕುಟುಂಬಗಳು ಮಕ್ಕಳನ್ನು ಮನೆಯಲ್ಲೇ ಓದಿಸುವ ಯೋಚನೆ ಮಾಡುತ್ತವೆ. ಇದನ್ನು ಹೋಮ್‌ಸ್ಕೂಲಿಂಗ್ ಎನ್ನುತ್ತಾರೆ. ಶಾಲೆಯಿಂದ ಬಂದ ಮೇಲೆ ಹೇಳಿಕೊಡುವ ಮನೆಪಾಠ ಬೇರೆ, ಇದು ಬೇರೆ. ಏನು ಕಲಿಸಬೇಕು, ಯಾವಾಗ ಕಲಿಸಬೇಕು, ಕಲಿತದ್ದು ಸಾಕೇ ಎಂಬ ಮೂರೂ ಹೊಣೆ ಇಲ್ಲಿ ತಂದೆ-ತಾಯಿಯ ಮೇಲೆ ಬೀಳುತ್ತದೆ.

ಹೊಸದಾಗಿ ಆರಂಭಿಸುವವರು ಸುಲಭವಾಗಿ ಮಾಡುವ ತಪ್ಪು ಎಂದರೆ ಶಾಲೆಯ ವೇಳಾಪಟ್ಟಿಯನ್ನೇ ಮನೆಗೆ ತರುವುದು. ಬೆಳಿಗ್ಗೆ ಒಂಬತ್ತೂವರೆಗೆ ಶುರು, ಏಳೆಂಟು ಪೀರಿಯಡ್, ಸಂಜೆ ಹೋಮ್‌ವರ್ಕ್. ಹೀಗಾದರೆ ಎರಡು ತಿಂಗಳಲ್ಲಿ ತಾಯಿ ದಣಿಯುತ್ತಾರೆ, ಮಗು ಪುಸ್ತಕ ಕಂಡರೆ ಅಳುತ್ತದೆ. ಆಗ ಮಗುವನ್ನು ಬೈಯುವುದಕ್ಕಿಂತ ಯೋಜನೆಯನ್ನು ತಿದ್ದುವುದು ಒಳ್ಳೆಯದು.

ಮೊದಲು ಪರೀಕ್ಷೆಯ ದಾರಿ

ಯೋಜನೆ ಮಾಡುವ ಮೊದಲು ಕಾನೂನು ತಿಳಿದಿರಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು ಅದರ 10ನೆಯ ಕಲಂ ಹೇಳುತ್ತದೆ. ಸೇರಿಸದ ಪಾಲಕರಿಗೆ ಕಾಯ್ದೆಯಲ್ಲಿ ದಂಡ ವಿಧಿಸಿಲ್ಲ. ಹೋಮ್‌ಸ್ಕೂಲಿಂಗ್ ಬಗ್ಗೆ ಪ್ರತ್ಯೇಕ ಮಾತೂ ಇಲ್ಲ. ಆದ್ದರಿಂದ ಮನೆಯಲ್ಲಿ ಓದಿಸುವವರು ಮಗು ನಿಜವಾಗಿ ಕಲಿಯುತ್ತಿದೆ ಎಂಬುದಕ್ಕೆ ದಾಖಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಮುಂದೆ ಹತ್ತನೆಯ ತರಗತಿಯ ಪ್ರಮಾಣಪತ್ರಕ್ಕೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಹತ್ತನೆಯ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಕನಿಷ್ಠ ಐದು ವಿಷಯ ತೆಗೆದುಕೊಳ್ಳಬೇಕು, ಅದರಲ್ಲಿ ಭಾಷೆ ಒಂದಾದರೂ ಇರಬೇಕು. ಭಾಷೆಯಾಗಿ ಕನ್ನಡವನ್ನೂ ಆರಿಸಿಕೊಳ್ಳಬಹುದು. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುವುದರಿಂದ ಎಲ್ಲ ವಿಷಯಗಳನ್ನು ಒಂದೇ ಸಲ ಬರೆಯಬೇಕೆಂದಿಲ್ಲ. ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ. ಯಾವುದಾದರೂ ಸರಿ, ಮುಂದೆ ಸೇರಬೇಕೆಂದಿರುವ ಪಿಯು ಕಾಲೇಜಿನಲ್ಲಿ ಯಾವ ಕಾಗದಪತ್ರ ಕೇಳುತ್ತಾರೆ ಎಂಬುದನ್ನು ಒಂದೆರಡು ವರ್ಷ ಮೊದಲೇ ವಿಚಾರಿಸಬೇಕು.

"ಹುಡುಗಿ ಎಷ್ಟನೇ ಕ್ಲಾಸ್ ಅಂತ ಯಾರಾದರೂ ಕೇಳಿದರೆ ಏನು ಹೇಳೋದು?" ಎಂದು ಅಜ್ಜಿ ಕೇಳುವುದು ಸಹಜ. ಈ ದಾರಿ ಮನೆಯವರಿಗೆಲ್ಲ ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ವಾರಗಳ ಲೆಕ್ಕ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೆಯ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠವಾಗಬೇಕು. 6ರಿಂದ 8ನೆಯ ತರಗತಿಗೆ 220 ದಿನ, 1000 ಗಂಟೆ. ಇದು ಅನೇಕ ಮಕ್ಕಳ ತರಗತಿಯ ಲೆಕ್ಕ. ಹಾಜರಿ, ಬೋರ್ಡ್ ನೋಡಿ ಬರೆಯುವುದು, ಬೇರೆ ಮಕ್ಕಳು ಮುಗಿಸುವವರೆಗೆ ಕಾಯುವುದು ಎಲ್ಲ ಇದರಲ್ಲೇ ಬರುತ್ತದೆ. ತಾಯಿ ಪಕ್ಕದಲ್ಲೇ ಕುಳಿತು ಹೇಳಿಕೊಡುವಾಗ ಇಷ್ಟು ಗಂಟೆ ಬೇಕಾಗುವುದಿಲ್ಲ. ಎಂಟು ವರ್ಷದ ಮಗುವಿಗೆ ದಿನಕ್ಕೆ ಎರಡು-ಎರಡೂವರೆ ಗಂಟೆ, ಹನ್ನೊಂದರ ಮಗುವಿಗೆ ಮೂರು-ಮೂರೂವರೆ ಗಂಟೆ ಕುಳಿತು ಓದುವ ಪಾಠ ಇಟ್ಟುಕೊಂಡು ಆರಂಭಿಸಬಹುದು.

ವರ್ಷದ 52 ವಾರಗಳಲ್ಲಿ ಹಬ್ಬ, ಮದುವೆ, ಯಾತ್ರೆ, ಕಾಯಿಲೆ, ಅಂಗಡಿಯ ಸೀಸನ್ ಎಂದು 16 ವಾರ ಮೊದಲೇ ತೆಗೆದುಬಿಡಬೇಕು. ಉಳಿಯುವುದು 36 ವಾರ. ಅದನ್ನು ಆರಾರು ವಾರಗಳ ಆರು ಭಾಗ ಮಾಡಿ, ಪ್ರತಿ ಭಾಗದಲ್ಲೂ ಐದು ವಾರ ಪಾಠ, ಆರನೆಯ ವಾರ ಖಾಲಿ ಎಂದು ಇಡಬೇಕು. ಆಗ ಪಾಠಕ್ಕೆ 30 ವಾರ ಸಿಗುತ್ತದೆ. ಗಣಿತದ ಪುಸ್ತಕದಲ್ಲಿ 14 ಅಧ್ಯಾಯಗಳಿದ್ದರೆ ಒಂದಕ್ಕೆ ಎರಡು ವಾರ, ಆಮೇಲೂ ಎರಡು ವಾರ ಕೈಯಲ್ಲಿ ಉಳಿಯುತ್ತದೆ. ಖಾಲಿ ವಾರವನ್ನು ಹೊಸ ಪಾಠಕ್ಕೆ ಬಳಸಬಾರದು. ಹಿಂದೆ ಉಳಿದದ್ದನ್ನು ಮುಗಿಸಲು, ಯೋಜನೆ ತಿದ್ದಲು ಅದು ಬೇಕು.

ಪುಸ್ತಕಗಳಿಗೆ ಹೆಚ್ಚು ಹಣ ಹಾಕಬೇಕಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಮತ್ತು ಎನ್‌ಸಿಇಆರ್‌ಟಿಯ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ದುಬಾರಿ ಪ್ಯಾಕೇಜ್ ಕೊಳ್ಳುವ ಮೊದಲು ಒಂದು ವರ್ಷ ಇವುಗಳಿಂದಲೇ ನಡೆಸಿ ನೋಡಬಹುದು.

ಒಂದು ಉದಾಹರಣೆ

ಕೆಳಗೆ ಕಿರಾಣಿ ಅಂಗಡಿ, ಮೇಲೆ ಮನೆ ಇರುವ ಒಂದು ಕುಟುಂಬ ಎಂದಿಟ್ಟುಕೊಳ್ಳೋಣ. ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ಇಬ್ಬರಿಗೂ ಎಲ್ಲ ವಿಷಯ ಬೇರೆ ಬೇರೆ ಕಲಿಸಹೋದರೆ ದಿನ ಸಾಲದು. ಗಣಿತ ಮತ್ತು ಓದು-ಬರಹ ಮಾತ್ರ ಪ್ರತ್ಯೇಕ ಇರಲಿ, ಏಕೆಂದರೆ ಅಲ್ಲಿ ಮೆಟ್ಟಿಲು ತಪ್ಪಿದರೆ ಮುಂದಿನದು ಹತ್ತಲಾಗದು. ವಿಜ್ಞಾನ, ಇತಿಹಾಸ, ಚಿತ್ರಕಲೆಯನ್ನು ಇಬ್ಬರಿಗೂ ಒಟ್ಟಿಗೆ ಹೇಳಿ, ಕೆಲಸ ಮಾತ್ರ ವಯಸ್ಸಿಗೆ ತಕ್ಕಂತೆ ಕೊಡಬೇಕು.

ಆ ಮನೆಗೆ 30 ಕಿಲೋ ತೊಗರಿಬೇಳೆಯ ಮೂಟೆ ಬಂತು. ಸ್ವಚ್ಛ ಮಾಡುವಾಗ 600 ಗ್ರಾಂ ಕಸ ಹೋಯಿತು. ಉಳಿದದ್ದರಲ್ಲಿ ಅರ್ಧ ಕಿಲೋ ಪೊಟ್ಟಣ ಎಷ್ಟು? 58 ಪೊಟ್ಟಣ ಆಗಿ 400 ಗ್ರಾಂ ಮಿಗುತ್ತದೆ. ಮಗ ಪೊಟ್ಟಣ ಎಣಿಸಲಿ, ಮಗಳು ಹೋದ ಕಸ ಶೇಕಡಾ 2 ಎಂದು ಲೆಕ್ಕ ಹಾಕಲಿ. ವ್ಯವಹಾರದಿಂದ ಗಣಿತ ಕಲಿಸುವುದು ಹೊಸದೇನಲ್ಲ. 9ನೆಯ ಶತಮಾನದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ವ್ಯಾಪಾರದ ಲೆಕ್ಕಗಳಿವೆ. 12ನೆಯ ಶತಮಾನದ ಜೈನ ಕವಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದಿದ್ದಾನೆ.

ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಮನೆಯಲ್ಲಿ ವಿಜ್ಞಾನದ ಪಾಠ ಸಿದ್ಧವಾಗಿಯೇ ಇದೆ. ಪ್ರತಿ ಭಾನುವಾರ ಸೂರ್ಯ ಮುಳುಗುವ ಹೊತ್ತನ್ನು ಮಕ್ಕಳು ಬರೆದಿಡಲಿ. ಜುಲೈ ಮೊದಲ ವಾರಕ್ಕೂ ನವೆಂಬರ್ ಕೊನೆಗೂ ಸುಮಾರು ಒಂದು ಗಂಟೆಯ ವ್ಯತ್ಯಾಸ ಕಾಣುತ್ತದೆ. ಭೂಮಿಯ ಅಕ್ಷ ವಾಲಿಕೊಂಡಿದೆ ಎಂಬ ಮಾತು ಆಗ ಬಾಯಿಪಾಠವಾಗಿ ಉಳಿಯುವುದಿಲ್ಲ.

ಇತಿಹಾಸಕ್ಕೆ ಗೊಮ್ಮಟನ ಮೂರು ಮೂರ್ತಿಗಳನ್ನು ತೆಗೆದುಕೊಳ್ಳಬಹುದು. ಶ್ರವಣಬೆಳಗೊಳದ್ದು ಕ್ರಿ.ಶ. 981ರ ಸುಮಾರಿನದು, 58 ಅಡಿ. ಕಾರ್ಕಳದ್ದು 1432ರದು, ಸುಮಾರು 42 ಅಡಿ. ವೇಣೂರಿನದು 1604ರದು, 35 ಅಡಿ. ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವರ್ಷ, ಆಗ ಯಾರು ಆಳುತ್ತಿದ್ದರು ಎಂದು ಮಗಳು ಕಾಲರೇಖೆ ಬರೆಯಲಿ. ಅಡಿಗೆ ಕಾಲು ಸೆಂಟಿಮೀಟರ್ ಹಿಡಿದರೆ ಮೂರೂ ಮೂರ್ತಿಗಳ ಎತ್ತರ ಒಂದೇ ಹಾಳೆಯಲ್ಲಿ ಹಿಡಿಸುತ್ತದೆ. ಮಗ ಯಾತ್ರೆಯಲ್ಲಿ ಕಂಡದ್ದನ್ನು ಐದು ವಾಕ್ಯದಲ್ಲಿ ಬರೆದರೆ ಸಾಕು.

ಬಿಟ್ಟುಹೋಗುವುದು ಯಾವುದು?

ಎಚ್ಚರ ಬೇಕಾದದ್ದು ಇಲ್ಲಿ. ಮನೆಯ ಬದುಕು ಕೆಲವನ್ನು ಚೆನ್ನಾಗಿ ಕಲಿಸುತ್ತದೆ, ಕೆಲವನ್ನು ಕಲಿಸುವುದೇ ಇಲ್ಲ. ಅಂಗಡಿಯಲ್ಲಿ ಶೇಕಡಾ, ತೂಕ, ಲಾಭ-ನಷ್ಟ ಬರುತ್ತದೆ. ಕೋನ, ಋಣಸಂಖ್ಯೆ, ಬೀಜಗಣಿತ ಬರುವುದಿಲ್ಲ. ತಂದೆ-ತಾಯಿಗೆ ಕಷ್ಟವಾದ ವಿಷಯ ನಾಳೆ ನೋಡೋಣ ಎಂದು ಮುಂದೆ ಹೋಗುತ್ತಲೇ ಇರುತ್ತದೆ. ಅದು ಗೊತ್ತಾಗುವುದು ಪರೀಕ್ಷೆ ಹತ್ತಿರ ಬಂದಾಗ. ಆ ನಷ್ಟ ಮಗುವಿನದು.

ಇದಕ್ಕೆ ಉಪಾಯ ಸರಳ. ಪಠ್ಯಪುಸ್ತಕದ ಪರಿವಿಡಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿ ಅಧ್ಯಾಯದ ಮುಂದೆ ಮೂರು ಕಾಲಂ ಹಾಕಬೇಕು: ಹೇಳಿಕೊಟ್ಟ ದಿನ, ಮಗು ತಾನೇ ಮಾಡಿದ ದಿನ, ಒಂದು ತಿಂಗಳ ನಂತರ ಮತ್ತೆ ಕೇಳಿದಾಗ ಬಂತೇ ಇಲ್ಲವೇ. ಪಾಠವನ್ನು ಬೇಳೆ ಮೂಟೆಯಿಂದ ಆರಂಭಿಸಬಹುದು, ಆದರೆ ಗುರುತು ಹಾಕುವುದು ಈ ಪಟ್ಟಿಯಲ್ಲಿ. ಮೂರನೆಯ ಕಾಲಂ ತುಂಬದಿದ್ದರೆ ಆ ಪಾಠ ಆಗಿಲ್ಲ ಎಂದೇ ತಿಳಿಯಬೇಕು.

ಮನೆಯ ಆಚಾರಕ್ಕೆ ಒಗ್ಗದ ಪಾಠವನ್ನು ಬಿಟ್ಟುಬಿಡುವುದೂ ಸರಿಯಲ್ಲ. ಆಹಾರದ ಅಧ್ಯಾಯದಲ್ಲಿ ಪ್ರೋಟೀನಿಗೆ ಮೊಟ್ಟೆ, ಮೀನಿನ ಹೆಸರು ಬರುತ್ತದೆ. ಪರೀಕ್ಷೆಯಲ್ಲಿ ಕೇಳಬಹುದು, ಮಗು ತಿಳಿದಿರಲಿ. ಬೇಳೆ, ಹಾಲು, ಶೇಂಗಾದಲ್ಲೂ ಪ್ರೋಟೀನ್ ಇದೆ, ನಮ್ಮ ಮನೆಯಲ್ಲಿ ಇವನ್ನು ಏಕೆ ತಿನ್ನುತ್ತೇವೆ ಎಂಬುದನ್ನು ಅದೇ ದಿನ ಹೇಳಿಕೊಡಬಹುದು.

ತಾಯಿಗೆ ಇಂಗ್ಲಿಷ್, ತಂದೆಗೆ ವಿಜ್ಞಾನ ಕಷ್ಟವಾದರೆ ಆ ಒಂದು ವಿಷಯಕ್ಕೆ ನಿವೃತ್ತ ಶಿಕ್ಷಕರ ನೆರವು ಪಡೆಯುವುದರಲ್ಲಿ ಸಂಕೋಚ ಬೇಡ. ಓರಗೆಯ ಮಕ್ಕಳ ಜೊತೆ ಆಟ ಕೂಡ ಯೋಜನೆಯಲ್ಲಿ ಬರೆದೇ ಇರಬೇಕು. ಬಸದಿಯ ಪಾಠಶಾಲೆ, ಬಡಾವಣೆಯ ಮೈದಾನ, ಗ್ರಂಥಾಲಯ ಯಾವುದಾದರೂ ಆಗಬಹುದು, ಆದರೆ ಅದಕ್ಕೂ ವಾರ, ಹೊತ್ತು ಗೊತ್ತಿರಬೇಕು.

ಆರನೆಯ ವಾರದ ತಪಾಸಣೆ

ಖಾಲಿ ವಾರದಲ್ಲಿ ತಂದೆ, ತಾಯಿ, ಮಕ್ಕಳು ಕುಳಿತು ಪಟ್ಟಿ ನೋಡಬೇಕು. ಅಂಗಡಿಯಲ್ಲಿ ಸರಕು ಎಣಿಸಿದ ಹಾಗೆ, ಪುಸ್ತಕದಲ್ಲಿ ಬರೆದದ್ದಕ್ಕೂ ಕಪಾಟಿನಲ್ಲಿ ಇರುವುದಕ್ಕೂ ತಾಳೆ ಬೀಳುತ್ತದೆಯೇ ಎಂಬುದೇ ಪ್ರಶ್ನೆ. ಭಿನ್ನರಾಶಿಯಲ್ಲಿ ಮಗ ನಿಂತಿದ್ದರೆ ಅಧ್ಯಾಯ ಮುಂದೂಡಿ, ರೊಟ್ಟಿ ಮುರಿದು ಮತ್ತೆ ತೋರಿಸಬೇಕು. ಮಗಳು ಕನ್ನಡದಲ್ಲಿ ಎರಡು ಅಧ್ಯಾಯ ಮುಂದೆ ಓಡಿದ್ದರೆ ಆ ಸಮಯವನ್ನು ಗಣಿತಕ್ಕೆ ಕೊಡಬೇಕು. ಅಣ್ಣನ ಮಗ ಅಥವಾ ಪಕ್ಕದ ಮನೆಯ ಹುಡುಗಿಯ ಜೊತೆ ಹೋಲಿಸಬಾರದು. ಆರು ವಾರದ ಹಿಂದಿನ ಅದೇ ಮಗುವಿನ ನೋಟ್‌ಬುಕ್ ಜೊತೆ ಹೋಲಿಸಬೇಕು.

ಎರಡು-ಮೂರು ಬಾರಿ ತಿದ್ದಿದರೂ ಮೂರನೆಯ ಕಾಲಂ ಖಾಲಿಯೇ ಉಳಿದರೆ, ಅಥವಾ ಮಗುವೇ ಶಾಲೆಗೆ ಹೋಗುತ್ತೇನೆ ಎಂದರೆ, ಹಟ ಮಾಡಬಾರದು. ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಂ ಪ್ರಕಾರ ಶಾಲೆಗೆ ಸೇರದೆ ಇದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಉಳಿದ ಮಕ್ಕಳ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಅದಕ್ಕಿದೆ. ಶಾಲೆಗೆ ಮರಳುವುದನ್ನು ಸೋಲು ಎಂದುಕೊಂಡು ಒಂದು ವರ್ಷ ಕಳೆದರೆ, ಆ ವರ್ಷ ಮಗುವಿಗೆ ತಿರುಗಿ ಸಿಗುವುದಿಲ್ಲ.

ಮನೆಯಲ್ಲಿ ಓದಿಸಲು ನಿರ್ಧರಿಸಿದವರು ಮೊದಲ ದಿನ ದೊಡ್ಡ ಯೋಜನೆ ಬರೆಯುವುದು ಬೇಡ. ಆರು ವಾರದ್ದು ಮಾತ್ರ ಬರೆಯಲಿ. ಅದರ ಪಕ್ಕದಲ್ಲೇ ತಿದ್ದಲು ಜಾಗ ಬಿಟ್ಟಿರಲಿ.