ನಗರದ ಗೋಡೆಯ ಮೇಲೆ ಚಿತ್ರ: ಕೆಲಸ ವಹಿಸುವ ಮುನ್ನ ತಿಳಿಯಬೇಕಾದ್ದು

ಅಂಗಡಿಯ ಫಲಕ, ಚಲನಚಿತ್ರದ ಬ್ಯಾನರ್ ಬರೆದು ಜೀವನ ಸಾಗಿಸುತ್ತಿದ್ದ ಕುಂಚ ಕಲಾವಿದರ ಕಸುಬು ಫ್ಲೆಕ್ಸ್ ಮುದ್ರಣ ಬಂದ ಮೇಲೆ ಬಹುಮಟ್ಟಿಗೆ ಕುಗ್ಗಿತು. 2009ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಇಂತಹ ಕಲಾವಿದರಿಂದಲೇ ನಗರದ ಗೋಡೆಗಳ ಮೇಲೆ ರಾಜ್ಯದ ಸ್ಮಾರಕ ಹಾಗೂ ನಿಸರ್ಗ ದೃಶ್ಯಗಳನ್ನು ಬರೆಯಿಸಿತು. ಭಿತ್ತಿಪತ್ರ ಅಂಟಿಸುವವರನ್ನು ದೂರವಿಡುವುದು ಅದರ ಒಂದು ಉದ್ದೇಶವಾಗಿತ್ತು. ಕೈಕಸುಬಿಗೆ ಕೂಲಿ ದೊರೆಯಿತಾದರೂ ಕಲಾವಿದನ ಸ್ವಂತ ಕಲ್ಪನೆಗೆ ಅಲ್ಲಿ ಹೆಚ್ಚು ಅವಕಾಶವಿರಲಿಲ್ಲ.

ಆ ಅವಕಾಶವನ್ನು ತಾನಾಗಿಯೇ ಮಾಡಿಕೊಂಡವರು ಬಾದಲ್ ನಂಜುಂಡಸ್ವಾಮಿ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಅಭ್ಯಾಸ ಮಾಡಿ, ಜಾಹೀರಾತು ಸಂಸ್ಥೆಯಲ್ಲಿ ದುಡಿದು ಬಂದ ಇವರು 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯ ರಸ್ತೆಯ ದೊಡ್ಡ ಗುಂಡಿಯೊಂದಕ್ಕೆ ನೀರಿನ ಬಣ್ಣ ಬಳಿದು, ಅದರಲ್ಲಿ ಫೈಬರ್ ಮೊಸಳೆಯನ್ನು ಇಳಿಬಿಟ್ಟರು. ಖರ್ಚು ಸುಮಾರು 6,000 ರೂಪಾಯಿ, ಅದೂ ಸ್ವಂತದ್ದು. ಬಹುದಿನಗಳಿಂದ ದುರಸ್ತಿ ಕಾಣದಿದ್ದ ಗುಂಡಿ ಕೆಲವೇ ದಿನಗಳಲ್ಲಿ ಮುಚ್ಚಿತು. 2019ರಲ್ಲಿ ಹೇರೋಹಳ್ಳಿಯ ತುಂಗಾನಗರದ ಹದಗೆಟ್ಟ ರಸ್ತೆಯನ್ನು ಚಂದ್ರನ ನೆಲವೆಂದು ತೋರಿಸಿ, ಗಗನಯಾತ್ರಿಯ ಉಡುಪು ತೊಟ್ಟ ನಟನನ್ನು ನಡೆಸಿದ ಅವರ ವಿಡಿಯೋ ದೇಶದಾಚೆಗೂ ಪ್ರಚಾರ ಪಡೆಯಿತು. ಕೆಟ್ಟ ರಸ್ತೆಯಿಂದ ಗಿರಾಕಿಗಳನ್ನು ಕಳೆದುಕೊಳ್ಳುವ ವರ್ತಕರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಗರಸಭೆಯಾಗಲಿ, ವರ್ತಕರ ಸಂಘವಾಗಲಿ ಹಣಕೊಟ್ಟು ಚಿತ್ರ ಬರೆಯಿಸುವಾಗ ಲೆಕ್ಕಾಚಾರವೇ ಬೇರೆ. ಮೊದಲನೆಯದು ಗೋಡೆಯ ಒಡೆತನ. ಮಾಲೀಕನ ಒಪ್ಪಿಗೆಯ ಜೊತೆಗೆ, 1981ರ ಕರ್ನಾಟಕ ತೆರೆದ ಸ್ಥಳಗಳ (ವಿರೂಪ ತಡೆ) ಅಧಿನಿಯಮವನ್ನು ಗಮನಿಸಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಪಡೆಯುವುದು ಕ್ಷೇಮ. ಪ್ರಾಯೋಜಕನ ಹೆಸರು, ಲಾಂಛನ ಚಿತ್ರದೊಳಗೆ ಬಂದರಂತೂ ಅದು ಜಾಹೀರಾತೇ ಎಂಬ ಪ್ರಶ್ನೆ ಏಳುತ್ತದೆ.

ಹೆಚ್ಚಿನವರು ಕಡೆಗಣಿಸುವುದು ಕೃತಿಸ್ವಾಮ್ಯವನ್ನು. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೇ ಪ್ರಕರಣದಂತೆ, ಬೇರೆ ಕರಾರು ಇಲ್ಲದಿದ್ದರೆ, ಹಣಕೊಟ್ಟು ಬರೆಯಿಸಿದ ವರ್ಣಚಿತ್ರದ ಮೊದಲ ಹಕ್ಕುದಾರ ಬರೆಯಿಸಿದವನೇ. ಹೊಸ ಕಲಾವಿದರಿಗೆ ಇದು ತಿಳಿದಿರುವುದು ಅಪರೂಪ. ತನ್ನ ಚಿತ್ರ ಮುಂದೆ ಕ್ಯಾಲೆಂಡರ್, ಸಿಹಿತಿಂಡಿಯ ಡಬ್ಬದ ಮೇಲೆ ಬಂದರೂ ಆತನಿಗೆ ಚಿಕ್ಕಾಸು ಸಿಗದಿರಬಹುದು. ಆದರೆ 57ನೇ ಪ್ರಕರಣದ ವಿಶೇಷ ಹಕ್ಕು ಮಾತ್ರ ಕೃತಿಸ್ವಾಮ್ಯ ಕೈಬಿಟ್ಟರೂ ಕಲಾವಿದನಲ್ಲಿಯೇ ಉಳಿಯುತ್ತದೆ: ಕೃತಿ ತನ್ನದೆಂದು ಹೇಳಿಕೊಳ್ಳುವುದು, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿಕೃತಗೊಳಿಸಿದರೆ ಪ್ರಶ್ನಿಸುವುದು.

ಈ ಹಕ್ಕು ಬರಿಯ ಕಾಗದದ ಮೇಲಿನದಲ್ಲ. ದೆಹಲಿಯ ವಿಜ್ಞಾನ ಭವನಕ್ಕಾಗಿ ಅಮರನಾಥ ಸೆಹಗಲ್ ರಚಿಸಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ತಿಳಿಸದೆ ಕಿತ್ತು ಉಗ್ರಾಣಕ್ಕೆ ಹಾಕಲಾಗಿತ್ತು. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅವಶೇಷಗಳನ್ನು ಮರಳಿಸುವಂತೆಯೂ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ಕೇಂದ್ರ ಸರಕಾರಕ್ಕೆ ಆದೇಶಿಸಿತು. 2019ರಲ್ಲಿ ಅದೇ ನ್ಯಾಯಾಲಯವು ವಾಸ್ತುಶಿಲ್ಪಿ ರಾಜ್ ರೇವಾಲ್ ಅವರ ಪ್ರಕರಣದಲ್ಲಿ, ಕಟ್ಟಡವನ್ನು ಪೂರ್ತಿ ಕೆಡವುವುದನ್ನು ತಡೆಯುವ ಹಕ್ಕು ವಾಸ್ತುಶಿಲ್ಪಿಗಿಲ್ಲವೆಂದಿತು. ಆದ್ದರಿಂದ ಗೋಡೆಗೆ ಮರುಬಣ್ಣ ಬಳಿಯುವ, ಕೆಡವುವ ಸಂದರ್ಭದಲ್ಲಿ ಎಷ್ಟು ದಿನ ಮುಂಚೆ ತಿಳಿಸಬೇಕೆಂಬುದನ್ನು ಕರಾರಿನಲ್ಲಿಯೇ ಬರೆದುಕೊಳ್ಳುವುದು ಇಬ್ಬರಿಗೂ ಹಿತ.

ಕಿತ್ತೂರು, ಬೈಲಹೊಂಗಲದಂತಹ ಊರುಗಳಲ್ಲಿ ಮಳೆಗಾಲದ ಗೋಡೆಯೂ ಕರಾರಿಗೆ ಸೇರಬೇಕಾದ ವಿಷಯವೇ. ತೇವ ಹೀರಿದ ಗೋಡೆಯ ಮೇಲೆ ಎಂತಹ ಬಣ್ಣವೂ ಹೊಪ್ಪಳೆ ಏಳುತ್ತದೆ. ಹಳೆಯ ಸುಣ್ಣ ಕೆರೆಯುವುದು, ಸೋರಿಕೆ ತಡೆಯುವುದು, ಪ್ರೈಮರ್ ಬಳಿಯುವುದು ಯಾರ ಖರ್ಚೆಂದು ಮೊದಲೇ ತೀರ್ಮಾನವಾಗದಿದ್ದರೆ ಅದು ಕಲಾವಿದನ ಸಂಭಾವನೆಯಿಂದಲೇ ಕರಗುತ್ತದೆ. ನೀಲನಕ್ಷೆಗೆ ಒಂದು ಕಂತು, ಕೆಲಸದ ನಡುವೆ ಒಂದು, ಮುಗಿದ ಮೇಲೆ ಉಳಿದದ್ದು ಎಂಬ ಕ್ರಮವಿದ್ದರೆ ಬಣ್ಣ, ಅಟ್ಟಣಿಗೆಗೆ ಆತ ಸಾಲ ಮಾಡಬೇಕಾಗದು.

ಇನ್ನು ಹೆಸರಿನ ಮಾತು. ದೇಗಾಂವದ ಕಮಲನಾರಾಯಣ ದೇವಾಲಯವನ್ನು 12ನೇ ಶತಮಾನದಲ್ಲಿ ಕಟ್ಟಿಸಿದವಳು ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಕಟ್ಟಿದ ಶಿಲ್ಪಿ ತಿಪ್ಪೋಜ. ರಾಣಿಯ ಹೆಸರಿನೊಂದಿಗೆ ಶಿಲ್ಪಿಯ ಹೆಸರೂ ಉಳಿದುಬಂದಿದೆ. ಇಂದಿನ ಗೋಡೆಗಳಲ್ಲಿ ಪ್ರಾಯೋಜಕರ ಹೆಸರಿಗೆ ಅಡಿಗಟ್ಟಲೆ ಜಾಗ ಬಿಡುವವರು ಕಲಾವಿದನ ಸಹಿಗೆ ಮೂಲೆಯಲ್ಲಿ ಒಂದು ಗೇಣು ಬಿಟ್ಟರೆ ಹೆಚ್ಚಿನ ಖರ್ಚೇನೂ ಬೀಳದು. ಮುಂದಿನ ಕೆಲಸ ಆತನನ್ನು ಹುಡುಕಿಕೊಂಡು ಬರುವುದು ಆ ಸಹಿಯಿಂದಲೇ.