ಅಪ್ಪ-ಅಮ್ಮ ಡಿಗ್ರಿ ಮಾಡಿದ್ದರೆ ಇಲ್ಲಿ ಸೀಟಿಲ್ಲ! ಏನಿದು ಪ್ರಾಯ್ಸ್ ಸ್ಕೂಲ್?

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಕ್ಯಾಲಿಫೋರ್ನಿಯಾ ವಿವಿ ಕ್ಯಾಂಪಸ್ಸಿನೊಳಗೇ ಒಂದು ಶಾಲೆಯಿದೆ. 1999ರಲ್ಲಿ ಶುರುವಾದ ಪ್ರಾಯ್ಸ್ ಸ್ಕೂಲ್. ಮನೆಯ ಆದಾಯ ಕಡಿಮೆಯಿರಬೇಕು, ಹೆತ್ತವರಲ್ಲಿ ಯಾರೂ ನಾಲ್ಕು ವರ್ಷದ ಪದವಿ ಮುಗಿಸಿರಬಾರದು. ಇದು ಅಡ್ಮಿಶನ್ನಿನ ಷರತ್ತು. ಅರ್ಜಿ ಜಾಸ್ತಿ ಬಂದರೆ ಚೀಟಿ ಎತ್ತುತ್ತಾರೆ.

ಇದೊಂದು ಚಾರ್ಟರ್ ಶಾಲೆ. ಅಂದರೆ ಖರ್ಚು ಸರಕಾರದ್ದು, ಫೀಸಿಲ್ಲ, ಆಡಳಿತ ಮಾತ್ರ ಸ್ವತಂತ್ರ. ಒಪ್ಪಂದದಂತೆ ನಡೆಸದಿದ್ದರೆ ಪರವಾನಿಗೆ ಹೋಗುತ್ತದೆ. ಕಾಸರಗೋಡಿನವರು ನಮ್ಮ ಎಯ್ಡೆಡ್ ಶಾಲೆಗಳ ದೂರದ ನೆಂಟ ಅಂದುಕೊಳ್ಳಬಹುದು.

1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಸರಕಾರಿ ವಿವಿಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನೇ ನಿಷೇಧಿಸಿದರು. ಹಾಗಾದರೆ ಬಡ ಮಕ್ಕಳನ್ನು ಆರನೇ ಕ್ಲಾಸಿನಿಂದಲೇ ತಯಾರು ಮಾಡೋಣ ಎಂಬ ಯೋಚನೆ ಹುಟ್ಟಿತು. ವಿವಿಯ ಪ್ರಾಧ್ಯಾಪಕರು ಮೊದಲು ಇದನ್ನು ತಿರಸ್ಕರಿಸಿದ್ದರು ಕೂಡಾ.

ಆರರಿಂದ ಹನ್ನೆರಡರವರೆಗೆ ಎಲ್ಲರಿಗೂ ಒಂದೇ, ಕಾಲೇಜಿಗೆ ಬೇಕಾದ ಪಾಠ. 'ದಡ್ಡರ ಸೆಕ್ಷನ್' ಅಂತ ಬೇರೆ ಇಲ್ಲ. ಯೂನಿಫಾರ್ಮ್ ಉಂಟು, ಶಾಲೆಯ ದಿನವೂ ಉದ್ದ. ಹಿಂದೆ ಬಿದ್ದವರಿಗೆ ವಿವಿಯ ವಿದ್ಯಾರ್ಥಿಗಳೇ ಬಂದು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ನನಗೆ ಹಿಡಿಸಿದ್ದು ಇನ್ನೊಂದು ಕ್ರಮ: ಒಂದು ಗುಂಪಿನ ಮಕ್ಕಳಿಗೆ ಮಾರ್ಗದರ್ಶನಕ್ಕೆಂದು ಒಬ್ಬರೇ ಟೀಚರ್, ಕೊನೆಯವರೆಗೂ. ಯಾವ ಕಾಲೇಜು, ಯಾವ ಸ್ಕಾಲರ್‌ಶಿಪ್, ಫಾರ್ಮ್ ತುಂಬುವುದು ಹೇಗೆ ಅಂತ ಕೇಳಲು ಮನೆಯಲ್ಲಿ ಯಾರೂ ಇಲ್ಲದ ಮಗುವಿಗೆ ಅದೆಷ್ಟು ದೊಡ್ಡ ಆಸರೆ!

ಚೀಟಿಯಲ್ಲಿ ಸೀಟು ಸಿಕ್ಕಿದವರನ್ನೂ ಸಿಗದವರನ್ನೂ ಸಂಶೋಧಕರು ಹೋಲಿಸಿ ನೋಡಿದರು. ಪರೀಕ್ಷೆಯ ಅಂಕಗಳಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಕಾಲೇಜು ಮೆಟ್ಟಿಲು ಹತ್ತಿದವರು ಪ್ರಾಯ್ಸ್ ಮಕ್ಕಳಲ್ಲೇ ಹೆಚ್ಚು.